ಕಿಲೋಗೆ ಮೂವತ್ತು ಟಾಕಾ

ಭಾಟಿಯಾರಿಯ ಹೆದ್ದಾರಿ ಪಕ್ಕ ನಮ್ಮಂಗಡಿ.
ಸತ್ತ ಹಡಗುಗಳ ಸಾಮಾನು ಮಾರುತ್ತೇವೆ:
ಕಿತ್ತಳೆ ಬಣ್ಣದ ತೇಲಂಗಿ, ಪಿಂಗಾಣಿ ಬೋಗುಣಿ,
ಕಪ್ತಾನನ ಮಂಚ, ಉತ್ತರ ಮರೆತ ದಿಕ್ಸೂಚಿ.
ಮೂಲೆಯಲ್ಲಿ, ಹಗ್ಗದ ಸುರುಳಿಗಳ ಹಿಂದೆ,
ಯಾರೂ ಕೇಳದ ಪುಸ್ತಕ.

ಕಿಲೋಗೆ ಮೂವತ್ತು ಟಾಕಾ. ತಕ್ಕಡಿ ಹಿಡಿಯುವವನು ನಾನು.
ಮಂಡಕ್ಕಿ ಮಾರುವ ಸಬೂರ್ ಬಂದು ಒಯ್ಯುತ್ತಾನೆ
ಪೊಟ್ಟಣ ಕಟ್ಟಲು.
ಅವನು ಬರುವ ಮೊದಲೇ ರಾಶಿಗೆ ಕೈ ಹಾಕುತ್ತೇನೆ.
ಬದಿಯುಲ್ ಸೌದಾಗರರು ಕಂಡೂ ಕಾಣದ ಹಾಗೆ
ಬೇಲಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾರೆ.

ದೇಶ ಸುತ್ತು, ಕೋಶ ಓದು ಎಂಬ ಮಾತುಂಟಲ್ಲ,
ಇಲ್ಲಿ ದೇಶ ಸುತ್ತಿ ದಣಿದು ಬಂದದ್ದು ಕೋಶವೇ.
ನಾನು ಚಿತ್ತಗಾಂಗ್ ದಾಟಿದವನಲ್ಲ.

ಲೆಕ್ಕದ ವಹಿಯ ಹಿಂದಿನ ಹಾಳೆಗಳಲ್ಲಿ
ಬರೆದವರ ಹೆಸರು, ತಂದ ಹಡಗಿನ ಹೆಸರು
ಜೋಡಿಯಾಗಿ ಗೀಚಿಡುತ್ತೇನೆ.
ಎಷ್ಟೋ ಹೆಸರು ನಾಲಿಗೆಗೆ ಹೊರಳುವುದಿಲ್ಲ;
ಆಗ ಹಡಗೇ ಮನೆತನ.
ಕಲ್ಲಿದ್ದಲ ಹಡಗಿನ ಸಿಡುಕ, ಮಾತಿನಲ್ಲಿ ಮಹಾ ಜಿಪುಣ.
ಬಾಳೆಹಣ್ಣಿನ ಹಡಗಿನವನಂತೂ
ನಲವತ್ತು ಪುಟ ಊಟವನ್ನೇ ಬಡಿಸಿದ, ಕಥೆ ಶುರುವಾಗಲಿಲ್ಲ.
ಹೊಟ್ಟೆ ತುಂಬಿತ್ತು, ಕ್ಷಮಿಸಿದೆ.

ಹೊಸಬರ ಮೊದಲ ಸಾಲಿಗೆ ಒಂದು ರುಚಿಯಿದೆ.
ಗುರುತಿಲ್ಲದ ಊರಿನ ಗುರುತಿಲ್ಲದ ಬಾಗಿಲು ತಟ್ಟಿದಾಗ
ತೆರೆದವರು 'ಯಾರು?' ಎಂದು ಕೇಳದೆ
'ಚಪ್ಪಲಿ ಅಲ್ಲೇ ಬಿಡು, ಅನ್ನ ಆರುತ್ತಿದೆ'
ಎಂದ ಹಾಗೆ.

ಕಳೆದ ಚಳಿಗಾಲ, ಗೋಧಿ ಹಡಗಿನಿಂದ,
ರಟ್ಟು ಕಿತ್ತ ಸಣ್ಣದೊಂದು ಪುಸ್ತಕ.
ಉಪ್ಪು ತೂಗುವ ಹೆಂಗಸೊಬ್ಬಳ ಕಥೆ.
ನನ್ನ ಕಸುಬಿನವಳು! ಮುಳ್ಳು ನಡುಗುವಾಗ
ಉಸಿರು ಹಿಡಿಯುತ್ತಾಳೆ, ನನ್ನ ಹಾಗೇ.
ಇದು ಬರೆದಾಕೆಗೆ ಹೇಗೆ ಗೊತ್ತಾಯಿತು?
ಆ ವಾರ ಹಿತ್ತಾಳೆಯ ನಲ್ಲಿಗಳನ್ನು ತಪ್ಪಾಗಿ ತೂಗಿ
ಬೈಸಿಕೊಂಡೆ. ಎರಡನೇ ಸಲ ಓದುತ್ತಿದ್ದೆ.

ಕೊನೆಯ ಪುಟದಲ್ಲಿತ್ತು: ಇದೇ ಲೇಖಕಿಯ ಇತರ ಕೃತಿಗಳು.
ಏಳು!
ಹಸಿದವನ ಮುಂದೆ ಮುಚ್ಚಿದ ಏಳು ಪಾತ್ರೆ.
ತಮ್ಮನ ಮಗಳು ಮೊಬೈಲಲ್ಲಿ ಹುಡುಕಿ ಬೆಲೆ ಹೇಳಿದಳು,
ಒಂದಕ್ಕೆ ನನ್ನ ಒಂಬತ್ತು ದಿನದ ಕೂಲಿ.
'ಹಡಗು ಬರಲಿ ಬಿಡು' ಎಂದೆ.

ಎಂದಮೇಲೆ ಕಡಲು ನೋಡುವ ಕಣ್ಣೇ ಬೇರೆಯಾಯಿತು.
ಹುಣ್ಣಿಮೆಯ ಭರತಕ್ಕೆ ಕೆಸರಿಗೆ ನುಗ್ಗುವ ಹಡಗು ಕಂಡು
ಎಲ್ಲರೂ ಕಬ್ಬಿಣ ಎಣಿಸಿದರೆ ನಾನು ಕಪಾಟು ಎಣಿಸಿದೆ.
ಒಂದು ಹಡಗು ಸಾಯಲಿ ಎಂದು ಬಯಸುವುದು,
ಅದರ ಹೊಟ್ಟೆ ಸೀಳಲು ಹುಡುಗರು ಬೆಂಕಿ ಹಿಡಿದು ಇಳಿಯುವುದು.
ಈ ಲೆಕ್ಕ ಯಾವ ತಕ್ಕಡಿಗೂ ಕೂರುವುದಿಲ್ಲ.

ಆ ಹುಡುಗರಲ್ಲಿ ಒಬ್ಬ ಎಕ್ರಾಮ್. ಬಲಗೈಗೆ ಮೂರೇ ಬೆರಳು.
ಅಕ್ಷರ ಬಾರದು. ಆಕೆಯ ಹೆಸರನ್ನು
ಸಿಗರೇಟು ಪೊಟ್ಟಣದ ಹಿಂದೆ ದಪ್ಪಗೆ ಬರೆದು ಕೊಟ್ಟಿದ್ದೆ.
ಸಂತೆಯಲ್ಲಿ ಕಳೆದುಹೋದವರ ಮುಖ ಹುಡುಕುವ ಹಾಗೆ
ಹಡಗಿಂದ ಹಡಗಿಗೆ ಹುಡುಕಿದನಂತೆ.

ನಿನ್ನೆ ಸಂಜೆ ಬಂದ, ಅಂಗಿಯೊಳಗೆ ಬಚ್ಚಿಟ್ಟುಕೊಂಡು.
'ಕಪಾಟು ಕತ್ತರಿಸುವ ಮೊದಲೇ ತೆಗೆದೆ, ಕಿಡಿ ತಾಗಿಲ್ಲ.
ಅವಳೇ ತಾನೇ?'

ನೋಡಿದೆ. ಒಂದಕ್ಷರ ಹೆಚ್ಚು, ಇನ್ನೊಂದು ತಿರುಗುಮುರುಗು.
ಬೇರೆ ಯಾರೋ. ಬೇರೆ ದೇಶ. ಗಂಡಸು.
'ಅವಳೇ' ಎಂದೆ.
ಅವನು ನಕ್ಕ, ಚಹಾ ಹೇಳಿದೆ, ಎರಡು ಬಿಸ್ಕತ್ತು.

ಅವನು ಹೋದ ಮೇಲೆ, ಬೇಸರದಲ್ಲೇ, ಸುಮ್ಮನೆ ತೆರೆದೆ.
ಮೊದಲ ಸಾಲಲ್ಲೇ ಒಬ್ಬ ಮುದುಕ
ತನ್ನ ಕತ್ತೆಗೊಂದು ಕನ್ನಡಕ ಕೊಳ್ಳಲು
ಪೇಟೆಗೆ ಹೊರಟಿದ್ದಾನೆ.

'ತೋಫಾಯೆಲ್, ಹಗ್ಗ ತೂಗೋ!' ಸೌದಾಗರರು ಕೂಗುತ್ತಿದ್ದಾರೆ.
ಬಂದೆ, ಬಂದೆ.
ಅಂಗಡಿಯವನು ಅಳತೆ ತೆಗೆಯುತ್ತಿದ್ದಾನೆ,
ಕತ್ತೆ ಕಿವಿ ಅಲ್ಲಾಡಿಸುತ್ತಿದೆ.
ಇನ್ನೊಂದೇ ಪುಟ.