ಬೆನ್ನ ಮೇಲಿನ ಎಂಟು

ಅವನ ಮುಖ ಹೇಗಿತ್ತೆಂದರೆ ತಡವರಿಸುತ್ತೇನೆ.
ಮೀಸೆ ಇತ್ತೋ ಬೋಳಿಸಿದ್ದನೋ,
ಯಾವ ವರ್ಷದ ಮುಖವೆಂದು ನೀವು ಹೇಳಬೇಕು.
ಬೆನ್ನು ಮಾತ್ರ ನನಗೆ ಬಾಯಿಪಾಠ.
ಹದಿನಾರು ವರ್ಷ ಎರಡು ಕಂಬದ ನಡುವೆ ನಿಂತು
ದಿನಾ ಓದಿದ ಗೋಡೆಬರಹ ಅದೊಂದೇ:
ಬಿಳಿ ಪೇಂಟಿನ ಎಂಟು,
ಒಗೆದೊಗೆದು ಎಡಗಡೆ ಬಣ್ಣ ಉದುರಿ
ಕೊನೆಗೆ ಮೂರಾಗಿಬಿಟ್ಟಿದ್ದ ಎಂಟು.

ಸಿದ್ದಪ್ಪಾಜಿ, ಅಶೋಕಪುರಂ,
ರೈಲ್ವೆ ವರ್ಕ್‌ಶಾಪಿನಲ್ಲಿ ಗಾಲಿ ನೋಡುವ ಕೆಲಸ.
ನೋಡುವುದಲ್ಲ, ಕೇಳುವುದು.
ಉದ್ದ ಹಿಡಿಯ ಸುತ್ತಿಗೆಯಲ್ಲಿ ಒಂದು ಟಣ್ —
ಸರಿಯಿದ್ದರೆ ಗಂಟೆ, ಬಿರುಕಿದ್ದರೆ ಮಡಕೆ.
ಮೈದಾನದಲ್ಲೂ ಹಾಗೇ
ಚೆಂಡು ಬರುವ ಮೊದಲೇ ಕತ್ತು ಓರೆ ಮಾಡಿ
ಹಿಂದಿನ ಹೆಜ್ಜೆ ಯಾರದೆಂದು ಕಿವಿಯಲ್ಲೇ ಅಳೆದು
ತಿರುಗಿ ನೋಡದೆ ಎಡಕ್ಕೆ ತಳ್ಳಿಬಿಡುತ್ತಿದ್ದ.
ನಮಗೂ ಅದೇ ಕೂಗು:
‘ಬೆನ್ನಿಂದೆ ಅವ್ನೆ ಕಣ್ಲಾ, ಬುಟ್ಬುಡು!’
ಕಡಲೆಕಾಯಿ ಸುಲಿಯುತ್ತ ಕೂತವರು ಕೇಳುತ್ತಿದ್ದರು,
ಆ ಎಂಟನೇ ನಂಬರು ಏನು ಮಾಡ್ತಾನ್ರೀ?

ಮೊದಲು ಈರನಗೆರೆ ಯಂಗ್ ಸ್ಟಾರ್ಸ್, ಬಿ ಡಿವಿಷನ್.
ಅಲ್ಲಿಂದ ನಮ್ಮ ಬನ್ನಿಮಂಟಪಕ್ಕೆ ಬಂದದ್ದಕ್ಕೆ
ಕೊಟ್ಟದ್ದು ಒಂದು ಜೊತೆ ಸ್ಟಡ್ಡು, ಸೆಕೆಂಡ್ ಹ್ಯಾಂಡು,
ಬಲಗಾಲಿನದು ಒಂದು ಸೈಜು ದೊಡ್ಡದು.
ಪೇಪರು ತುರುಕಿ ಆಡಿದ. ಎ ಡಿವಿಷನ್ನಿಗೆ ಏರಿದೆವು.
ಮರುವರ್ಷ ಇಳಿದೆವು.
ಮತ್ತೆ ಏರಿದೆವು, ಮತ್ತೆ ಇಳಿದೆವು,
ಬಾವಿಯ ಬಿಂದಿಗೆಗಾದರೂ ಪ್ರತಿಸಲ ನೀರು ಸಿಗುತ್ತದೆ.

ಹದಿನಾರು ಸೀಸನ್ನಿಗೆ ಒಂಬತ್ತು ಗೋಲು,
ಅದರಲ್ಲೆರಡು ನಮ್ಮದೇ ಬಲೆಗೆ.
ಆ ಎರಡರಲ್ಲೊಂದು ನನ್ನ ತಪ್ಪು.
ನಾನು ‘ಬಿಡು’ ಎಂದು ಕೂಗಲಿಲ್ಲ.
ರೆಫರಿಯ ಪುಸ್ತಕದಲ್ಲಿ ಇರುವುದು ಅವನ ಹೆಸರು.
ನಾನು ಯಾರಿಗೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಇಪ್ಪತ್ಮೂರರಲ್ಲಿ ಬೆಂಗಳೂರಿಂದ ಕಾಗದ ಬಂತು,
ದೊಡ್ಡ ಕ್ಲಬ್ಬಿನ ಟ್ರಯಲ್ಸು.
ವರ್ಕ್‌ಶಾಪಿನವರು ಹಾರ ಹಾಕಿ ರೈಲು ಹತ್ತಿಸಿದರು.
ಅವತ್ತೇ ನಮಗೆ ಮಂಡ್ಯದಲ್ಲಿ ಸೆಮಿಫೈನಲ್.
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಗಾಳಿಗೆ ಮೆತ್ತಿಕೊಂಡು
ನಾವು ಸಾಕ್ಸು ಎಳೆದುಕೊಳ್ಳುತ್ತಿದ್ದರೆ
ಗೇಟಿನಲ್ಲಿ ಬ್ಯಾಗು ಹಿಡಿದು ಬಂದ,
ಕೊರಳಲ್ಲಿ ಇನ್ನೂ ಸೇವಂತಿಗೆ.
‘ಯಾಕೋ ಇಳಿದೆ?’
‘ರೈಲು ನಿಂತಿತ್ತು. ಇಳ್ದೆ.’
ಅವನು ಅಷ್ಟು ಕೆಟ್ಟದಾಗಿ ಆಡಿದ್ದನ್ನು ನಾನು ಮತ್ತೆ ಕಂಡಿಲ್ಲ.
ಮೂರು ಗೋಲು ಬಿಟ್ಟೆ ನಾನೂ.
ವಾಪಸು ಬಸ್ಸಿನಲ್ಲಿ ಹಾರದ ಹೂ ಒಂದೊಂದೇ ಕಿತ್ತು
ಕಿಟಕಿಯಾಚೆ ಎಸೆಯುತ್ತಿದ್ದ, ಶ್ರೀರಂಗಪಟ್ಟಣ ಬರುವವರೆಗೂ.
ಅದು ನಮ್ಮ ಮೇಲಿನ ಪ್ರೀತಿಯೋ
ಅಥವಾ ಅಲ್ಲಿ ಯಾರಾದರೂ ಅವನನ್ನು ತಟ್ಟಿ ನೋಡಿದರೆ
ಯಾವ ಸದ್ದು ಬರುವುದೋ ಎಂಬ ಭಯವೋ.
ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಮೊನ್ನೆ ಕೊನೆಯ ಮ್ಯಾಚು. ಮೂವತ್ತೊಂಬತ್ತು ವಯಸ್ಸು,
ಮೊಣಕಾಲಿಗೆ ಹಳೇ ಸೈಕಲ್ ಟ್ಯೂಬು ಸುತ್ತಿದ್ದ.
ಅರವತ್ತನೇ ನಿಮಿಷಕ್ಕೆ ಸ್ಲೇಟಿನಲ್ಲಿ ಎಂಟು ಬರೆದು ಎತ್ತಿದರು.
ಗೆರೆಯ ಕಡೆ ಹೋಗಬೇಕಾದವನು
ಇಡೀ ಅರ್ಧ ಮೈದಾನ ನನ್ನ ಕಡೆ ನಡೆದು ಬಂದ.
ರೆಫರಿ ವಾಚು ತೋರಿಸಿ ರೇಗಿದ.
ಆಗ ನೋಡಿದೆ: ಮೀಸೆ ಇತ್ತು, ನರೆತಿತ್ತು.
ಗೋಲುಕಂಬಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿ
ಕತ್ತು ಓರೆ ಮಾಡಿ ಕೇಳಿದ.
‘ಇನ್ನೂ ಗಟ್ಯಾಗದೆ ಕಣ್ಲಾ ಖಲೀಲಾ’ ಅಂದ.
ಕಂಬವನ್ನೋ ನನ್ನನ್ನೋ.

ಅವನ ಬದಲಿಗೆ ಇಳಿದದ್ದು ಗಾಂಧಿನಗರದ ಹುಡುಗ,
ಬೆನ್ನ ಮೇಲೆ ಹಸಿ ಪೇಂಟು.
ಕಾರ್ನರ್ ಹೊಡೆದಾಗ ನಾನು ರೂಢಿಯ ಮೇಲೆ ಕೂಗಿದೆ:
ಸಿದ್ದಾ, ಎಡಕ್ಕೆ!
ಹುಡುಗ ಎಡಕ್ಕೆ ಹೋದ.