ಓಟ ಮುಗಿದ ಮೇಲೆ

ಓಡಿದ್ದನ್ನು ಎಲ್ಲರೂ ಹೇಳುತ್ತಾರೆ.
ನಾ ಕಂಡದ್ದು ಆಮೇಲಿನದು, ಎಂದಳು ಕವೆಟುನಾ,
ಒಕಕರಾರಾದ ಆಚೆ, ದೊಡ್ಡಿಯ ಬಾಗಿಲಲ್ಲಿ
ಮೇಕೆ ಎಣಿಸುತ್ತ.

ಎಳೆಜಿಂಕೆ ಸತ್ತು ಬಿದ್ದಿದೆ ಕಾಲ ಬಳಿ,
ತಿನ್ನಲಾರಳು ಸಿವಂಗಿ.
ಪಕ್ಕೆ ಕುಲುಮೆಯ ತಿದಿ,
ಮೈಯೊಳಗೆಲ್ಲ ಕೊಳ್ಳಿ.
ಮುಳ್ಳುಪೊದೆಯ ಚೂರುಪಾರು ನೆರಳಲ್ಲಿ
ಅರ್ಧ ಗಂಟೆ ಕೂತಳು;
ಉಸಿರು ಇನ್ನೂ ಹಿಂದೆಲ್ಲೋ ಓಡಿಬರುತ್ತಿತ್ತು.

ಗರ್ಜನೆ ಬಾರದು ಅವಳಿಗೆ.
ಗುಬ್ಬಿಯ ಹಾಗೆ ಚಿಂವ್ ಅಂದಳು,
ಹುಲ್ಲೊಳಗಿಂದ ಎದ್ದವು ಮರಿಗಳು,
ಬೆನ್ನ ತುಂಬ ಬೂದಿಬಣ್ಣದ ಜೂಲು.
ಹೋದ ಅಮಾವಾಸ್ಯೆಗೆ ಐದಿದ್ದವು.
ಈಗ ಎರಡು.

ಮೇಲೆ ಒಂದು ರಣಹದ್ದು ಸುತ್ತು ಹಾಕಿತು.
ಅದನ್ನು ಓದಿಕೊಂಡು ಕತ್ತೆಕಿರುಬ ಬಂತು,
ಅವಸರವೇನೂ ಇಲ್ಲದೆ,
ತನ್ನದೇ ಮನೆಗೆ ಊಟಕ್ಕೆ ಬಂದಂತೆ.
ಸಿವಂಗಿ ಎದ್ದಳು. ಬಿಟ್ಟುಕೊಟ್ಟಳು.
ಕಾಲೇ ಅನ್ನ ಅವಳಿಗೆ;
ಕಾಲು ಮುರಿದರೆ ಮರಿಗಳಿಗೆ ಯಾರು?

ಕಣ್ಣಿಂದ ಬಾಯಿಗಿಳಿದ ಕಪ್ಪು ಗೆರೆಯನ್ನು
ಕಣ್ಣೀರು ಅಂತಾರೆ ಪೇಟೆಯಿಂದ ಬಂದವರು.
ನನಗೇನೋ ಹಾಗನ್ನಿಸಲಿಲ್ಲ.
ಸುಮ್ಮನೆ ನಡೆದುಹೋದಳು,
ಬಾಲದ ತುದಿಯ ಬಿಳಿ ಕಾಣುವಷ್ಟು ದೂರ ನೋಡಿದೆ.

ಅಷ್ಟು ಹೊತ್ತೂ ನಾಯಿಯ ಮೂತಿ
ಕೈಯಲ್ಲಿ ಬಿಗಿಹಿಡಿದಿದ್ದೆ.
ಸಂಜೆ ಎಣಿಸಿದರೆ ಮೇಕೆ ಒಂದು ಕಮ್ಮಿ.
ಇನ್ನೊಮ್ಮೆ ಎಣಿಸಲಿಲ್ಲ.