ಒಂದು ಹೆಚ್ಚು

ಬುರಾವ್ ಸಂತೆಯಲ್ಲಿ ಬೆಲೆಗೆ ಬಾಯಿಲ್ಲ.
ಶಾಲಿನ ಕೆಳಗೆ ಎರಡು ಕೈ.
ದಲ್ಲಾಳಿ ಗೂಲೇದ್ ಒತ್ತಿದ್ದು ಎಷ್ಟು ಬೆರಳು, ಯಾವ ಗೆಣ್ಣು,
ಅವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತು.
ನನ್ನಕ್ಕ ಅಸ್ಲಿಗೆ ಗೊತ್ತಾದದ್ದು ಶಾಲು ಸರಿದ ಮೇಲೆ.
ಅಷ್ಟರಲ್ಲಿ ಅವಳ ಟಗರಿನ ಬೆನ್ನಿಗೆ
ಕೆಂಪು ಗೀರು ಬಿದ್ದಾಗಿತ್ತು.

ಬಿಳಿ ಮೈ, ಕರಿ ತಲೆ.
ಇಲ್ಲಿನ ಕುರಿಗಳೆಲ್ಲ ಹಾಗೇ,
ಇರುಳಿನ ಗಡಿಗೆಗೆ ಕತ್ತಿನವರೆಗೆ ಇಣುಕಿ
ಹೆದರಿ ಹಿಂದೆ ಸರಿದಂತೆ.
ಇದರ ಎಡಗಿವಿ ಮಾತ್ರ ಅರ್ಧ.
ಮರಿಯಾಗಿದ್ದಾಗ ನರಿ ಆ ಕಡೆಯಿಂದ ಎಳೆಯಿತು,
ಅಕ್ಕ ಈ ಕಡೆಯಿಂದ.
ಗೆದ್ದವರು ಯಾರೆಂಬ ವಾದ
ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಲಾರಿ ಶೇಖ್ ಘಾಟಿ ಇಳಿಯಿತು.
ಕೆಳಗೆ ಬೆರ್ಬೆರಾ, ತಗಡಿನ ಚಪ್ಪರ,
ಸೂಜಿ, ರಕ್ತ, ಮೊಹರು,
ಮತ್ತೆ ಉಪ್ಪುಗಾಳಿಯಲ್ಲಿ ಕಾಯುವ ದಿನಗಳು.
ಕಡಲನ್ನು ಕಂಡ ಕುರಿ ಮೊದಲು ಮಾಡುವುದು
ಅದು ಕುಡಿಯುವ ನೀರೋ ಎಂದು ಮೂಸುವುದು.

ನನ್ನ ಕೆಲಸ ಎಣಿಸುವುದು.
ಹಡಗಿನ ಇಳಿಜಾರು ಹಲಗೆಯ ಬುಡದಲ್ಲಿ ನಿಲ್ಲುತ್ತೇನೆ,
ಅಂಗೈಯಲ್ಲಿ ಟಿಕ್ ಎನ್ನುವ ಪುಟ್ಟ ಯಂತ್ರ,
ತಲೆಗೊಂದು ಟಿಕ್.
ನೂರಾದರೆ ಒಂದು ಬೆಣಚುಕಲ್ಲು ಜೇಬಿಗೆ,
ಯಂತ್ರವನ್ನು ನಂಬದ ಅಪ್ಪನಿಂದ ಬಂದ ರೂಢಿ.
ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಕುರಿ ಕಾಣುವುದಿಲ್ಲ,
ಬಿಳಿ ಹರಿಯುತ್ತದೆ, ಕರಿ ಹರಿಯುತ್ತದೆ,
ಹೆಬ್ಬೆರಳು ತನ್ನಷ್ಟಕ್ಕೆ ಟಿಕ್ ಟಿಕ್.

ಹತ್ತೊಂಬತ್ತನೇ ಕಲ್ಲು ಜೇಬಿಗಿಳಿದ ಮೇಲೆ
ಅರ್ಧ ಕಿವಿ ಬಂತು.

ನಿಲ್ಲಲಿಲ್ಲ. ನನ್ನ ಗುರುತು ಹಿಡಿಯಲಿಲ್ಲ.
ಹಾಗೆಲ್ಲ ಕಥೆಯಲ್ಲಿ ಆಗುತ್ತದೆ.
ಮುಂದಿನದರ ಬಾಲಕ್ಕೆ ಮೂತಿ ಆನಿಸಿ
ಸೀದಾ ಹಡಗಿನ ಹೊಟ್ಟೆಗೆ ನಡೆಯಿತು.
ಹೆಬ್ಬೆರಳು ಮಾತ್ರ
ಕೆಳಗಿಳಿಯಲಿಲ್ಲ.

ಮೂರನೇ ದಿನ ಜೆಡ್ಡಾದಿಂದ ಫೋನು,
ಅಲ್ಲಿ ಎಣಿಸುವ ಸುಡಾನಿನ ಬಾಬಿಕರ್:
"ಒಂದು ಹೆಚ್ಚು ಬಂದಿದೆ."
"ದಾರಿಯಲ್ಲಿ ಈದಿರಬೇಕು," ಅಂದೆ.
"ಎಲ್ಲ ಟಗರು, ಮಾರಾಯ!"
ಇಬ್ಬರೂ ನಕ್ಕೆವು. ಅವನು ಹೆಚ್ಚು ಹೊತ್ತು ನಕ್ಕ.
ಆಮೇಲೆ ಎಲ್ಲೋ ಒಂದು ಅಂಕಿ ತಿದ್ದಿರಬೇಕು.

ಊರಿಗೆ ಹೋದಾಗ ಅಕ್ಕ
ಹೊಸ ನೀರಿನ ಪೀಪಾಯಿ ತೋರಿಸಿದಳು, ನೀಲಿಯದು,
ಬಡಿದು ಸದ್ದು ಕೇಳಿಸಿದಳು.
ಚಹಾ ಸೋಸುತ್ತ, ನನ್ನ ಕಡೆ ನೋಡದೆ,
"ಎಣಿಸಿದೆಯಾ ಅದನ್ನ?"

"ಇಲ್ಲ," ಅಂದೆ.

"ರಜೆಯಲ್ಲಿದ್ದೆಯೇನೋ. ಒಳ್ಳೇದಾಯ್ತು,"
ಅಂದು ನನ್ನ ಲೋಟಕ್ಕೆ
ಕೇಳದೆಯೇ
ಇನ್ನೊಂದು ಚಮಚ ಸಕ್ಕರೆ ಹಾಕಿದಳು.